ಬೋದಿನ ಮಣ್ಣು ಮುಟ್ಟಿ ನೋಡಿ: ಪುಣೆ ಸೀಮೆಯಲ್ಲಿ ಆಲೂಗಡ್ಡೆ ಕಾಯುವ ಬಗೆ

ಆಲೂಗಡ್ಡೆ ಗಿಡ ಬಾಡಿ ನಿಂತು ನೀರು ಕೇಳುವ ಹೊತ್ತಿಗೆ ಗೆಡ್ಡೆಗೆ ಆಗಬೇಕಾದ ನಷ್ಟ ಆಗಿಯೇ ಹೋಗಿರುತ್ತದೆ. ಎಲೆಯ ಮುಖ ನೋಡಿ ನೀರು ಬಿಡುವ ರೂಢಿ ಈ ಬೆಳೆಗೆ ಒಗ್ಗುವುದಿಲ್ಲ. ಬೋದಿನೊಳಗೆ, ಅಂದರೆ ಗಿಡದ ಸಾಲಿಗೆ ಏರಿಸಿದ ಮಣ್ಣಿನ ದಿಂಡಿನೊಳಗೆ, ಕೈ ಹಾಕಿ ನೋಡಬೇಕು.

ನಾನು ಬೆಳಗಾವಿ ಸೀಮೆಯ ಒಕ್ಕಲು ಮನೆತನದವಳು. ಮದುವೆಯಾಗಿ ಬಂದದ್ದು ಪುಣೆ ಜಿಲ್ಲೆಯ ಖೇಡ ತಾಲ್ಲೂಕಿಗೆ. ಇಲ್ಲಿ ಆಲೂಗಡ್ಡೆಗೆ ಎರಡು ಹಂಗಾಮು. ಅಂಬೇಗಾವ ತಾಲ್ಲೂಕಿನ ಸಾತಗಾವ್ ಪಠಾರದಂಥ ಎತ್ತರದ ಜಾಗಗಳಲ್ಲಿ ಜೂನ್-ಜುಲೈನಲ್ಲಿ ಮಳೆ ನಂಬಿ ನೆಡುತ್ತಾರೆ. ನೀರಾವರಿ ಇರುವವರು ಅಕ್ಟೋಬರ್-ನವೆಂಬರ್‌ನಲ್ಲಿ ನೆಟ್ಟು ಜನವರಿ-ಫೆಬ್ರವರಿಯಲ್ಲಿ ಕೀಳುತ್ತಾರೆ. ಪಿಂಪರಿ-ಚಿಂಚವಾಡದಲ್ಲಿ ನೌಕರಿ ಮಾಡುತ್ತ ಈ ಕಡೆ ಎಕರೆ, ಎರಡೆಕರೆ ಹೊಲ ಮಾಡಿಕೊಂಡಿರುವ ಕನ್ನಡದ ಮಂದಿ ನನಗೆ ಫೋನ್ ಮಾಡಿ ಕೇಳುವುದು ಎರಡೇ ಪ್ರಶ್ನೆ: ನೀರು ಯಾವಾಗ ಬಿಡಬೇಕು, ಔಷಧ ಯಾವುದು ಹೊಡೆಯಬೇಕು. ಇವು ಎರಡಲ್ಲ, ಒಂದೇ ಪ್ರಶ್ನೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮಣ್ಣು ಒಣಗಿ ಬಿರುಕು ಬಿಟ್ಟರೆ ಗೆಡ್ಡೆ ತಿನ್ನುವ ಹುಳುವಿನ ತಾಯಿಯಾದ ಗೆಡ್ಡೆ ಪತಂಗ ಆ ಬಿರುಕಿನಲ್ಲೇ ಇಳಿಯುತ್ತದೆ. ಹೊಲದಲ್ಲಿ ತೇವ ಹೆಚ್ಚಾಗಿ ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಎಲೆ ಸುಡುವ ಅಂಗಮಾರಿ ರೋಗ ಹಬ್ಬುತ್ತದೆ. ನೀರಿನ ಲೆಕ್ಕ ಒಬ್ಬರ ಕೈಯಲ್ಲಿ, ಹುಳುವಿನ ಲೆಕ್ಕ ಇನ್ನೊಬ್ಬರ ಕೈಯಲ್ಲಿ ಇರುವ ಹೊಲದಲ್ಲಿ ಎರಡೂ ಕೆಡುತ್ತವೆ.

ಮಣ್ಣಿನ ಹದ ನೋಡುವುದು

ಆಲೂಗಡ್ಡೆಯ ಬೇರು ಆಳಕ್ಕೆ ಹೋಗುವುದಿಲ್ಲ. ಗಿಡ ಕುಡಿಯುವ ನೀರಿನಲ್ಲಿ ಹೆಚ್ಚಿನ ಪಾಲು ಮೇಲಿನ 30 ಸೆಂ.ಮೀ. ಮಣ್ಣಿನಿಂದಲೇ ಬರುತ್ತದೆ. ಆದ್ದರಿಂದ ಸಾಲಿನಲ್ಲಿ ನೀರು ನಿಂತಿದೆಯೇ ಎಂದು ನೋಡಿ ಪ್ರಯೋಜನವಿಲ್ಲ. ಬೋದಿನ ಪಕ್ಕದಿಂದ ಕುರ್ಪಿ ತೂರಿಸಿ, 15ರಿಂದ 20 ಸೆಂ.ಮೀ. ಆಳದ ಮಣ್ಣನ್ನು ಹಿಡಿ ತುಂಬ ತೆಗೆಯಿರಿ. ಅಂಗೈಯಲ್ಲಿ ಒತ್ತಿರಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದಾಗ ಎರಡು ಮೂರು ಚೂರಾದರೆ ಹದ ಸರಿ ಇದೆ. ಉಂಡೆ ಕಟ್ಟಿದರೂ ಅಂಗೈ ತಂಪಾಗದೆ, ತಟ್ಟುವ ಮೊದಲೇ ಉದುರತೊಡಗಿದರೆ ಅಂದೇ ನೀರು ಬಿಡಿ. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ. ಒತ್ತಿದಾಗ ಬೆರಳ ಸಂದಿಯಲ್ಲಿ ನೀರು ಜಿನುಗಿ ಮಣ್ಣು ಹೊಳೆದರೆ ಮೋಟಾರಿನ ಹತ್ತಿರ ಹೋಗಬೇಡಿ.

ಒಂದೇ ಜಾಗದಲ್ಲಿ ನೋಡಿ ಬರುವುದು ಸಾಲದು. ನೀರು ಮೊದಲು ಸೇರುವ ಮೂಲೆ, ಕೊನೆಗೆ ಸೇರುವ ಮೂಲೆ, ದಿಬ್ಬ, ತಗ್ಗು ಇಷ್ಟನ್ನಾದರೂ ಮುಟ್ಟಿ. ನಮ್ಮ ಕಡೆ ಒಂದೇ ಹೊಲದಲ್ಲಿ ಕೆಳಗೆ ಕರಿಮಣ್ಣು, ಮೇಲೆ ಮುರುಮ್ (ಗರಸು) ಬೆರೆತ ಹಗುರ ಮಣ್ಣು ಇರುವುದು ಸಾಮಾನ್ಯ. ನೀರು ಹಿಡಿಯುವ ಶಕ್ತಿಯಲ್ಲಿ ಇವೆರಡಕ್ಕೂ ಬಹಳ ಅಂತರ. ಮಧ್ಯಮ ಕಪ್ಪು ಮಣ್ಣಿನ ಮೇಲಿನ 40 ಸೆಂ.ಮೀ. ಪದರದಲ್ಲಿ ಗಿಡಕ್ಕೆ ಎಟಕುವ ನೀರು ಸುಮಾರು 60 ಮಿ.ಮೀ. ಎಂದುಕೊಳ್ಳಿ. ಆಲೂಗಡ್ಡೆ ಅದರಲ್ಲಿ ಮೂರನೆಯ ಒಂದು ಪಾಲು ಖರ್ಚಾಗುತ್ತಿದ್ದಂತೆಯೇ ಕೊರತೆ ಅನುಭವಿಸತೊಡಗುತ್ತದೆ. ಅಂದರೆ ಕೈಗೆ ಸಿಕ್ಕುವುದು 20 ಮಿ.ಮೀ. ಮಾತ್ರ. ತುಂಬು ಎಲೆಯ ಬೆಳೆ ದಿನಕ್ಕೆ 4ರಿಂದ 5 ಮಿ.ಮೀ. ಕುಡಿದರೆ ಅದು ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಮುರುಮ್ ಮಣ್ಣಿನಲ್ಲಿ ಎರಡು ಮೂರು ದಿನವೂ ಬರಲಿಕ್ಕಿಲ್ಲ. ಎಂಟು ದಿನಕ್ಕೊಮ್ಮೆ ಸರದಿಯಂತೆ ನೀರು ಹಾಯಿಸುವ ಪದ್ಧತಿ ಈ ಬೆಳೆಗೆ ಏಕೆ ಸಾಲದು ಎಂಬುದು ಇಲ್ಲಿ ಕಾಣುತ್ತದೆ.

ಹನಿ ನೀರಾವರಿ ಇದ್ದವರಿಗೆ ಲೆಕ್ಕ ಸುಲಭ. ಎಕರೆಗೆ 1 ಮಿ.ಮೀ. ನೀರೆಂದರೆ ಸುಮಾರು 4,000 ಲೀಟರ್. ಸಾಲಿನಿಂದ ಸಾಲಿಗೆ 90 ಸೆಂ.ಮೀ., ಹನಿ ತೂತುಗಳ ನಡುವೆ 40 ಸೆಂ.ಮೀ. ಅಂತರವಿದ್ದರೆ ಎಕರೆಯಲ್ಲಿ ಸುಮಾರು 11,000 ತೂತು. ಒಂದೊಂದು ತಾಸಿಗೆ 2 ಲೀಟರ್ ಬಿಟ್ಟರೆ 22,000 ಲೀಟರ್, ಅಂದರೆ ತಾಸಿಗೆ ಐದೂವರೆ ಮಿ.ಮೀ. ತುಂಬು ಬೆಳೆಯ ಒಂದು ದಿನದ ಬಾಯಾರಿಕೆಗೆ ಒಂದು ತಾಸು ಸಾಕು. ದಿನ ಬಿಟ್ಟು ದಿನ ಬಿಡುವುದಾದರೆ ಎರಡು ತಾಸಿಗಿಂತ ಕಡಿಮೆ. ನಿಮ್ಮ ಪೈಪಿನ ಅಳತೆ ಬೇರೆ ಇರಬಹುದು. ತೂತಿನ ಕೆಳಗೆ ಲೋಟ ಇಟ್ಟು ಅಳೆದು ನಿಮ್ಮ ಲೆಕ್ಕ ನೀವೇ ಕಟ್ಟಿಕೊಳ್ಳಿ. ಸಾಲಿನ ತುದಿಯ ತೂತನ್ನು ಅಳೆಯುವುದನ್ನು ಮರೆಯಬೇಡಿ, ಕಟ್ಟಿಕೊಳ್ಳುವುದು ಅದೇ ಮೊದಲು.

ಯಾವ ಹಂತದಲ್ಲಿ ಎಷ್ಟು ಎಚ್ಚರ

ನೆಟ್ಟ ಮೇಲೆ ಮೊಳಕೆ ಮೇಲೆ ಬರುವ ತನಕ ತೇವ ಸಾಕು, ಕೆಸರು ಬೇಡ. ಕತ್ತರಿಸಿ ನೆಟ್ಟ ಬೀಜದ ಹೋಳು ಆ ದಿನಗಳಲ್ಲಿ ಬಹಳ ಬೇಗ ಕೊಳೆಯುತ್ತದೆ.

ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾದದ್ದು ಸುಮಾರು 30ನೆಯ ದಿನದಿಂದ. ಮಣ್ಣೊಳಗಿನ ಬಿಳಿ ಕುಡಿಗಳ ತುದಿ ಆಗ ಬಟಾಣಿ ಗಾತ್ರಕ್ಕೆ ಉಬ್ಬತೊಡಗುತ್ತದೆ. ಗಿಡಕ್ಕೆ ಎಷ್ಟು ಗೆಡ್ಡೆ ನಿಲ್ಲಬೇಕೆಂಬುದು ಈ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ. ಈಗ ಬೋದು ಒಣಗಿದರೆ ಗೆಡ್ಡೆಯ ಸಂಖ್ಯೆ ಇಳಿಯುವುದಷ್ಟೇ ಅಲ್ಲ, ಸಿಪ್ಪೆಯ ಮೇಲೆ ಕಜ್ಜಿ ರೋಗವೂ ಏಳುತ್ತದೆ. ಕಜ್ಜಿಗೆ ಒಣ ಮಣ್ಣೇ ಹಿತ. ನೆಟ್ಟ ತಾರೀಕಿನ ಲೆಕ್ಕವನ್ನು ಮಾತ್ರ ನಂಬಬೇಡಿ. ಮೊಳಕೆ ತಡವಾಗಿದ್ದರೆ ಎಲ್ಲವೂ ಮುಂದಕ್ಕೆ ಹೋಗಿರುತ್ತದೆ. ವಾರಕ್ಕೊಂದು ಗಿಡವನ್ನು ಬುಡಸಮೇತ ಅಗೆದು ನೋಡಿ. ಒಂದು ಗಿಡ ಹೋಯಿತೆಂದು ಮರುಗಬೇಡಿ, ಅದು ತಿಳಿಸುವ ಸಂಗತಿ ಬೇರೆ ಯಾವ ದಾರಿಯಿಂದಲೂ ಸಿಕ್ಕುವುದಿಲ್ಲ.

ಅಲ್ಲಿಂದ ಗೆಡ್ಡೆ ದಪ್ಪವಾಗುವ ಕಾಲ. ನೀರು ಎಷ್ಟು ಕೊಟ್ಟಿರಿ ಎಂಬುದಕ್ಕಿಂತ ಒಂದೇ ಸಮನಾಗಿ ಕೊಟ್ಟಿರೋ ಇಲ್ಲವೋ ಎಂಬುದು ಈಗ ದೊಡ್ಡದು. ಹತ್ತು ದಿನ ಒಣಗಿಸಿ, ಹೆದರಿ, ಒಮ್ಮೆಲೇ ತುಂಬಾ ನೀರು ಹಾಯಿಸಿದರೆ ಗೆಡ್ಡೆ ಸೀಳುತ್ತದೆ, ಮೈಮೇಲೆ ಗಂಟು ಬೆಳೆಯುತ್ತದೆ, ಕೆಲವು ತಳಿಗಳಲ್ಲಿ ನಡು ಪೊಳ್ಳಾಗುತ್ತದೆ. ಮಂಚರ ಪೇಟೆಯಲ್ಲಿ ಇಂಥ ಮಾಲನ್ನು ಬದಿಗೆ ಸುರಿಸುತ್ತಾರೆ. ನೀರು ಅತಿಯಾದದ್ದಕ್ಕೂ ಗುರುತಿದೆ: ಅಗೆದ ಗೆಡ್ಡೆಯ ಸಿಪ್ಪೆಯ ಮೇಲಿನ ಉಸಿರುರಂಧ್ರಗಳು ಅರಳು ಸಿಡಿದಂತೆ ಬೆಳ್ಳಗೆ ಉಬ್ಬಿರುತ್ತವೆ. ಅದನ್ನು ಕಂಡ ದಿನ ನೀರು ನಿಲ್ಲಿಸಿ, ಸಾಲಿನ ಕೊನೆಯಲ್ಲಿ ಬಸಿಗಾಲುವೆ ತೆರೆದಿದೆಯೇ ನೋಡಿ.

ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲಾವಾರು ಬರುತ್ತದೆ. ಮೇಘದೂತ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. ಮಳೆ ಇದೆ ಎಂದಾದರೆ ಒಂದು ಸರದಿ ತಡೆಯಿರಿ, ಮೋಡ ಮತ್ತು ತೇವದ ಮುನ್ಸೂಚನೆ ಇದ್ದರೆ ಮುಂದೆ ಹೇಳುವ ಅಂಗಮಾರಿಗೆ ಸಿದ್ಧರಾಗಿ.

ಎಲೆ ತಿರುಗಿಸಿ ನೋಡುವುದು

ಹುಳು, ರೋಗ ನೋಡಲು ಬೆಳಗಿನ ಇಬ್ಬನಿ ಆರುವ ಮೊದಲೇ ಹೋಗಬೇಕು. ಬದುವಿನ ಮೇಲೆ ನಿಂತು ನೋಡಿದರೆ ಹೊಲ ಹಸಿರಾಗಿಯೇ ಕಾಣುತ್ತದೆ. ಅಡ್ಡಾದಿಡ್ಡಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ ಐದು ಗಿಡದ ಬುಡ, ನಡು, ತುದಿಯ ಎಲೆಗಳನ್ನು ಮಗುಚಿ ನೋಡಿ.

ಮೊದಲು ಅಂಗಮಾರಿ. ಇಲ್ಲಿಯ ರೈತರು ಕರಪಾ ಎನ್ನುತ್ತಾರೆ. ಕರಪಾ ಎಂದಾಗ ಯಾವ ಅಂಗಮಾರಿ ಎಂದು ವಿಚಾರಿಸಿಕೊಳ್ಳಿ. ಮುಂಚಿನ ಅಂಗಮಾರಿಯಲ್ಲಿ ಕೆಳಗಿನ ಮುದಿ ಎಲೆಗಳ ಮೇಲೆ ಒಣ ಕಂದು ಚುಕ್ಕೆ, ಅದರೊಳಗೆ ಉಂಗುರದೊಳಗೆ ಉಂಗುರ. ಅದು ನಿಧಾನದ ರೋಗ. ತಡ ಅಂಗಮಾರಿ ಹಾಗಲ್ಲ. ಎಲೆಯ ಅಂಚು, ತುದಿಯಲ್ಲಿ ಬಿಸಿನೀರು ತಾಗಿದಂಥ ಮಂಕು ಕಲೆ. ಎಲೆ ಮಗುಚಿದರೆ ಕಲೆಯ ಸುತ್ತ ಬಿಳಿ ಬೂಷ್ಟು, ಅದು ಬೆಳಗಿನ ತಂಪಿನಲ್ಲೇ ಚೆನ್ನಾಗಿ ಕಾಣುವುದು. ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಮೇಲಿದ್ದು, ಸತತ ಎರಡು ದಿನ ಗಾಳಿಯ ತೇವ ಹನ್ನೊಂದು ಗಂಟೆಯಷ್ಟು ಹೊತ್ತು ಶೇ. 90 ದಾಟಿದರೆ ರೋಗಕ್ಕೆ ಅನುಕೂಲ ಎಂಬುದು ಹಳೆಯ ಲೆಕ್ಕ. ಮಳೆಗಾಲದ ಪಠಾರದಲ್ಲಿ ಅಂಥ ದಿನಗಳಿಗೆ ಬರವಿಲ್ಲ. ಹಿಂಗಾರಿನಲ್ಲಿ ಅಕಾಲ ಮಳೆ, ಮೋಡ, ಮಂಜು ಒಟ್ಟಿಗೆ ಬಂದ ವಾರವೇ ಅಪಾಯದ್ದು. ಅಂಥ ಮುನ್ಸೂಚನೆ ಬಂದಾಗಲೇ, ಕಲೆ ಕಾಣುವ ಮೊದಲು, ಮ್ಯಾಂಕೋಜೆಬ್‌ನಂಥ ರಕ್ಷಕ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಬೆರೆಸಿ ಎಲೆಯ ಎರಡೂ ಬದಿ ತಾಗುವಂತೆ ಸಿಂಪಡಿಸಬೇಕು. ಇದು ಎಲೆಯ ಹೊರಗೆ ಕಾವಲು ನಿಲ್ಲುವ ಔಷಧ, ಒಳಗೆ ಹೊಕ್ಕ ರೋಗವನ್ನು ತೆಗೆಯದು. ರೋಗ ಕಂಡುಬಿಟ್ಟರೆ ಒಳಸೇರುವ ಔಷಧ ಬೇಕು. ಅದನ್ನು ಕೃಷಿ ಅಧಿಕಾರಿಯನ್ನು ಕೇಳಿ, ಲೇಬಲ್ಲಿನಲ್ಲಿ ಆಲೂಗಡ್ಡೆ ಎಂದು ಬರೆದಿದೆಯೇ ನೋಡಿ ಕೊಳ್ಳಿ. ತುಂತುರು ನೀರಾವರಿ ಇರುವವರು ಸಂಜೆ ನೀರು ಬಿಟ್ಟು ಎಲೆಯನ್ನು ರಾತ್ರಿಯಿಡೀ ಒದ್ದೆ ಇಡುವುದನ್ನು ದಯವಿಟ್ಟು ನಿಲ್ಲಿಸಿ.

ಮಳೆಗಾಲದ ಬೆಳೆಯಲ್ಲಿ ನುಸಿಯ ಕಾಟವೂ ಇದೆ. ಕುಡಿ ಎಲೆಗಳು ಕೆಳಮುಖವಾಗಿ ಮುದುಡಿ, ಅಡಿಭಾಗ ಎಣ್ಣೆ ಹಚ್ಚಿದಂತೆ ತಾಮ್ರ ಬಣ್ಣಕ್ಕೆ ಹೊಳೆಯುತ್ತದೆ. ನುಸಿ ಬರಿಗಣ್ಣಿಗೆ ಕಾಣದ್ದರಿಂದ ಜನ ಇದನ್ನು ನಂಜುರೋಗವೆಂದೋ ನೀರಿನ ಕೊರತೆಯೆಂದೋ ತಿಳಿಯುತ್ತಾರೆ. ಭೂತಗನ್ನಡಿಯೊಂದನ್ನು ಜೇಬಿನಲ್ಲಿಡಿ. ಸಸ್ಯಹೇನಿನ ಮಾತು ಬೇರೆ: ನೂರು ಸಂಯುಕ್ತ ಎಲೆಗೆ 20 ಹೇನು ಎಂಬ ಮಿತಿ ಬೀಜಕ್ಕಾಗಿ ಬೆಳೆಯುವವರಿಗೆ ಸಂಬಂಧಿಸಿದ್ದು, ಏಕೆಂದರೆ ಹೇನು ನಂಜುರೋಗ ಹರಡುತ್ತದೆ. ಊಟದ ಗೆಡ್ಡೆ ಬೆಳೆಯುವವರು ನಾಲ್ಕು ಹೇನು ಕಂಡೊಡನೆ ಪಂಪ್ ಹೆಗಲಿಗೇರಿಸಬೇಕಿಲ್ಲ. ಗುಲಗಂಜಿ ದುಂಬಿಗಳು ಆ ಹೇನನ್ನು ತಿನ್ನುತ್ತಿವೆಯೇ ನೋಡಿ. ಬುಡದಲ್ಲೇ ಕತ್ತರಿಸಿ ಬಿದ್ದ ಗಿಡ ಕಂಡರೆ ಸುತ್ತ ಮಣ್ಣು ಕೆದಕಿ, ಸುರುಳಿ ಸುತ್ತಿ ಮಲಗಿದ ಕತ್ತರಿ ಹುಳು ಕೈಗೇ ಸಿಕ್ಕುತ್ತದೆ. ಕೊಳೆಯದ ಹಸಿ ಗೊಬ್ಬರ ಹಾಕಿದ ಹೊಲದಲ್ಲಿ ಗೊಣ್ಣೆಹುಳುವನ್ನೂ ನಿರೀಕ್ಷಿಸಿ.

ಗೆಡ್ಡೆ ಪತಂಗ

ಈ ಸೀಮೆಯ ದೊಡ್ಡ ಶತ್ರು ಇದು. 1906ರಲ್ಲಿ ಇಟಲಿಯಿಂದ ತರಿಸಿದ ಬೀಜದ ಗೆಡ್ಡೆಗಳೊಡನೆ ಮುಂಬೈ ಪ್ರಾಂತ್ಯಕ್ಕೆ ಬಂದಿಳಿದದ್ದು, ಮತ್ತೆ ಹೋಗಲಿಲ್ಲ. ಮರಿ ಮೊದಲು ಎಲೆಯ ಎರಡು ಪದರಗಳ ನಡುವೆ ತಿನ್ನುತ್ತದೆ. ಬೆಳಕಿಗೆ ಹಿಡಿದರೆ ಗುಳ್ಳೆಯಂಥ ಪಾರದರ್ಶಕ ಕಲೆ, ಒಳಗೆ ಹಿಕ್ಕೆ ಕಾಣುತ್ತದೆ. ಎಲೆಯ ಹಾನಿ ಅಷ್ಟೇನೂ ಇಲ್ಲ. ಹೆಣ್ಣು ಪತಂಗ ಬಿರುಕಿನಲ್ಲಿಳಿದು ಗೆಡ್ಡೆಯ ಕಣ್ಣುಗಳ ಬಳಿ ಮೊಟ್ಟೆಯಿಟ್ಟಾಗ ನಷ್ಟ ಶುರು. ಮನೆಯಲ್ಲಿ ಕೂಡಿಟ್ಟ ಮೇಲೂ ಅದು ತಿನ್ನುತ್ತಲೇ, ಸಂತತಿ ಬೆಳೆಸುತ್ತಲೇ ಇರುತ್ತದೆ.

ಕಾಯುವುದು ಮೋಹಕ ಬಲೆಯಿಂದ, ಅಂದರೆ ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆಯಿಂದ. ಪತಂಗ ತಗ್ಗಿನಲ್ಲಿ ಹಾರುತ್ತದೆ, ಬಲೆ ಗಿಡದ ತಲೆಯ ಮಟ್ಟದಲ್ಲೇ ಇರಲಿ. ಹಿಡಿದು ಸಂಖ್ಯೆ ತಗ್ಗಿಸಬೇಕೆಂದರೆ ಹೆಕ್ಟೇರಿಗೆ 20 ಬಲೆ ಬೇಕು. ಎಣಿಸಿ ನೋಡುವುದಕ್ಕಷ್ಟೇ ಆದರೆ ಕೆಲವೇ ಸಾಕು. ಬೀಳುವುದು ಗಂಡು ಮಾತ್ರ, ಆದ್ದರಿಂದ ಒಂದು ದಿನದ ಎಣಿಕೆಗಿಂತ ವಾರದಿಂದ ವಾರಕ್ಕೆ ಏರುತ್ತಿದೆಯೇ ಎಂಬುದನ್ನು ನೋಡಿ. ಏರುತ್ತಿದ್ದರೆ ಔಷಧಕ್ಕೆ ಓಡುವ ಮೊದಲು ಬೋದು ನೋಡಿ: ಬಿರುಕು ಇದೆಯೇ, ಗೆಡ್ಡೆಯ ನೆತ್ತಿ ಹೊರಗೆ ಇಣುಕಿದೆಯೇ? ನೀರು ಬಿಟ್ಟು, ಹದ ಬಂದೊಡನೆ ಮಣ್ಣು ಏರಿಸಿ. ಬೀಜವನ್ನು 6 ಸೆಂ.ಮೀ. ಬದಲು 10 ಸೆಂ.ಮೀ. ಆಳಕ್ಕೆ ನೆಟ್ಟಿದ್ದರೆ ಈ ಕೆಲಸ ಅರ್ಧ ಹಗುರ.

ಬರೆದಿಡುವುದು, ಹೇಳಿಕಳಿಸುವುದು

ಒಂದೇ ನೋಟ್‌ಬುಕ್ಕಿನಲ್ಲಿ ಒಂದು ದಿನಕ್ಕೆ ಒಂದು ಸಾಲು: ಮಣ್ಣಿನ ಹದ, ಮೋಟಾರು ನಡೆದ ತಾಸು, ಮಳೆ, ಬಲೆಯ ಎಣಿಕೆ, ಎಲೆಯ ಮೇಲೆ ಕಂಡದ್ದು. ನೀವು ಪಟ್ಟಣದಲ್ಲಿದ್ದು ಹೊಲ ಆಳಿನ ಕೈಯಲ್ಲಿದ್ದರೆ, ಇಡೀ ಹೊಲದ ಫೋಟೊ ಕಳಿಸಬೇಡ, ಎಲೆಯ ಅಡಿಭಾಗದ್ದು ಮತ್ತು ಅಂಗೈಯ ಮಣ್ಣುಂಡೆಯದು ಕಳಿಸು ಎಂದು ಹೇಳಿ. ತಡ ಅಂಗಮಾರಿ ನಿಮ್ಮ ಭಾನುವಾರಕ್ಕೆ ಕಾಯುವುದಿಲ್ಲ, ಬುಧವಾರ ಕಂಡ ಕಲೆ ಭಾನುವಾರದೊಳಗೆ ಹೊಲವನ್ನು ಸುಟ್ಟಿರಬಹುದು.

ಕೊನೆಯ ಹಂತದಲ್ಲಿ ನೀರು ಮತ್ತು ಹುಳುವಿನ ನಡುವೆ ನಿಜವಾದ ಇಕ್ಕಟ್ಟು ಬರುತ್ತದೆ. ಸಿಪ್ಪೆ ಗಟ್ಟಿಯಾಗಬೇಕೆಂದರೆ ಬಳ್ಳಿ (ಗಿಡದ ಮೇಲ್ಭಾಗ) ಕೊಯ್ಯುವುದಕ್ಕೆ ಒಂದು ವಾರದಿಂದ ಹತ್ತು ದಿನ ಮೊದಲೇ ನೀರು ನಿಲ್ಲಿಸಬೇಕು, ಕೊಯ್ದ ಮೇಲೂ 10ರಿಂದ 15 ದಿನ ಗೆಡ್ಡೆ ಮಣ್ಣಲ್ಲೇ ಇರಬೇಕು. ಅದೇ ದಿನಗಳಲ್ಲಿ ಮಣ್ಣು ಬಿರಿಯುತ್ತದೆ, ಎಲೆ ಒಣಗಿದ್ದರಿಂದ ಪತಂಗದ ಮರಿಗೆ ಗೆಡ್ಡೆಯೊಂದೇ ಗತಿ. ಆದ್ದರಿಂದ ಕೊನೆಯ ನೀರಿನ ಹದದಲ್ಲೇ ಬೋದಿಗೆ ಇನ್ನೊಮ್ಮೆ ಮಣ್ಣು ಏರಿಸಿ, ಕೊಯ್ದ ಬಳ್ಳಿಯನ್ನು ಹೊಲದಿಂದ ಆಚೆ ಸಾಗಿಸಿ, ದಿನ ಬಿಟ್ಟು ದಿನ ಹೋಗಿ ಬಿರುಕುಗಳನ್ನು ಗುದ್ದಲಿಯಿಂದ ಮುಚ್ಚಿಸಿ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಏಳದಿದ್ದಾಗ ಕೀಳಲು ಹೇಳಿ. ಕಿತ್ತ ರಾಶಿಯ ಮೇಲೆ ಆಲೂಗಡ್ಡೆಯ ಒಣ ಬಳ್ಳಿ ಹೊದಿಸಬೇಡಿ, ಅದರಲ್ಲಿರುವ ಮರಿಗಳು ನೇರ ಗೆಡ್ಡೆಗೆ ಇಳಿಯುತ್ತವೆ. ರಾತ್ರಿ ಹೊಲದಲ್ಲಿ ಬಯಲಿಗೆ ಬಿಡದೆ ಹೊತ್ತು ಮುಳುಗುವ ಮುಂಚೆ ಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿಸಿ.