ಕೇಟ್‌ಗೆ ಏನಾಗಿದ್ಯಂತೆ? ಇಂಥ ಫಾರ್ವರ್ಡ್ ಬಂದಾಗ ಹೆಂಗೆ ಓದೋದು

2024ರ ಮಾರ್ಚಲ್ಲಿ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಬ್ಬಟ್ಟಿನ ರೆಸಿಪಿ, ಯುಗಾದಿಗೆ ಊರಿಗೆ ಯಾರ್ ಯಾರು ಬರ್ತೀರ ಅನ್ನೋ ಲೆಕ್ಕಾಚಾರದ ಮಧ್ಯೆ ಬ್ರಿಟನ್ ಅರಮನೆ ಸೊಸೆ ಬಂದು ಕೂತ್ಬಿಟ್ರು. ಕೇಟ್ ಮಿಡಲ್‌ಟನ್ ಕಾಣ್ತಿಲ್ವಂತೆ, ಏನೋ ಮುಚ್ಚಿಡ್ತಿದಾರಂತೆ ಅಂತ ಮಾವ ಒಬ್ರು ಕೆಂಪು ಬಾಣ ಹಾಕಿದ ಫೋಟೋ ಬಿಟ್ರು, ಅಷ್ಟೇ, ಎಲ್ಲರೂ ಡಾಕ್ಟರಾದ್ರು. ಆವಾಗಿಂದ ನಾನು ಇಂಥ ಸುದ್ದಿ ಓದೋಕೆ ಒಂದು ಪದ್ಧತಿ ಇಟ್ಕೊಂಡಿದೀನಿ. ಮುಂದಿನ ಸಲ ಯಾವ ರಾಜ ರಾಣಿ ಹುಷಾರು ತಪ್ಪಿದ್ರೂ ನಿಮಗೂ ಬೇಕಾಗುತ್ತೆ.

ಮೊದಲು ಕ್ಯಾಲೆಂಡರ್ ತೆಗೀರಿ. ಜನವರಿ 17ಕ್ಕೆ ಕೆನ್ಸಿಂಗ್ಟನ್ ಪ್ಯಾಲೇಸ್ (ಕೇಟ್ ಮತ್ತೆ ಗಂಡ ವಿಲಿಯಂ ಅವರ ಆಫೀಸು) ಕೊಟ್ಟ ಹೇಳಿಕೇಲಿ ಇದ್ದದ್ದು ಇಷ್ಟು: ನಿನ್ನೆ ಲಂಡನ್ ಕ್ಲಿನಿಕ್ ಆಸ್ಪತ್ರೆಗೆ ಸೇರಿದ್ರು, ಮೊದಲೇ ಪ್ಲಾನ್ ಆಗಿದ್ದ ಹೊಟ್ಟೆ ಆಪರೇಷನ್ ಆಯ್ತು, 10ರಿಂದ 14 ದಿನ ಆಸ್ಪತ್ರೇಲಿ ಇರ್ತಾರೆ, ಈಸ್ಟರ್ ಆಗೋವರೆಗೂ ಸಾರ್ವಜನಿಕ ಕೆಲಸಕ್ಕೆ ಬರೋದು ಡೌಟು. ಆ ವರ್ಷ ಈಸ್ಟರ್ ಇದ್ದದ್ದು ಮಾರ್ಚ್ 31ಕ್ಕೆ. ಅಂದ್ರೆ ಫೆಬ್ರವರಿಲಿ 'ಕಾಣ್ತಿಲ್ಲ' ಅನ್ನೋದು ಸುದ್ದಿನೇ ಅಲ್ಲ, ಆಯಮ್ಮ ಹೇಳಿ ರಜಾ ಹಾಕಿ ಹೋದವರು. ಅರ್ಧಕ್ಕರ್ಧ ಗಾಸಿಪ್ ಇಲ್ಲೇ ಉದುರಿ ಹೋಗುತ್ತೆ, ಆದ್ರೆ ಮೂಲ ಹೇಳಿಕೆ ಓದೋ ತಾಳ್ಮೆ ಯಾರಿಗಿದೆ ಹೇಳಿ.

ಆಮೇಲೆ ಪದಗಳನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಇದು ತುಂಬಾ ಮುಖ್ಯ. ಜನವರಿಲಿ ಕ್ಯಾನ್ಸರ್ ಅಲ್ಲ ಅಂದಿದ್ರು, ಮಾರ್ಚ್ 22ಕ್ಕೆ ಕೇಟ್ ಅವ್ರೇ ವಿಡಿಯೋದಲ್ಲಿ ಬಂದು ಕ್ಯಾನ್ಸರ್ ಅಂದ್ರು, ಹಂಗಾದ್ರೆ ಮೊದಲು ಹೇಳಿದ್ದು ಸುಳ್ಳು ಅಂತ ಗ್ರೂಪಲ್ಲಿ ಒಬ್ರು ತೀರ್ಪು ಕೊಟ್ಟೇಬಿಟ್ರು. ಆಪರೇಷನ್ ಕಂಡ ಮನೆಯವರನ್ನ ಕೇಳಿ ನೋಡಿ. ತೆಗೆದ ಭಾಗನ ಲ್ಯಾಬಿಗೆ ಕಳಿಸ್ತಾರೆ, ಪೆಥಾಲಜಿ ರಿಪೋರ್ಟ್ ಬರೋಕೆ ದಿನಗಟ್ಟಲೆ ಹಿಡಿಯುತ್ತೆ, ಆಪರೇಷನ್ ಮುಂಚೆ ಅಂದ್ಕೊಂಡಿದ್ದು ಬೇರೆ ರಿಪೋರ್ಟಲ್ಲಿ ಬಂದದ್ದು ಬೇರೆ ಆಗೋದು ಅಪರೂಪ ಏನಲ್ಲ. ಅವ್ರು ಹೇಳಿದ್ದೂ ಇದನ್ನೇ, ಆಗ ಕ್ಯಾನ್ಸರ್ ಅಲ್ಲ ಅಂತ ಅಂದ್ಕೊಂಡಿದ್ವಿ, ಆಪರೇಷನ್ ಚೆನ್ನಾಗಾಯ್ತು, ಆಮೇಲಿನ ಟೆಸ್ಟಲ್ಲಿ ಕ್ಯಾನ್ಸರ್ ಇತ್ತು ಅಂತ ಗೊತ್ತಾಯ್ತು. 'ಇತ್ತು', ಗಮನಿಸಿ, 'ಇದೆ' ಅಲ್ಲ. ಅದಕ್ಕೇ ಮುಂಜಾಗ್ರತೆಯ ಕೀಮೋ ಅಂದ್ರು. ಗಡ್ಡೆ ತೆಗೆದ ಮೇಲೂ ಕಣ್ಣಿಗೆ ಕಾಣದ ಜೀವಕೋಶ ಎಲ್ಲಾದ್ರೂ ಉಳಿದಿರಬಹುದು ಅಂತ ಕೊಡೋ ಔಷಧಿ ಅದು. ಕೀಮೋ ಅಂದ ತಕ್ಷಣ ಲಾಸ್ಟ್ ಸ್ಟೇಜ್ ಅಂತ ಓದೋರು ಆ 'ಮುಂಜಾಗ್ರತೆ' ಪದನ ನುಂಗಿಬಿಟ್ಟಿರ್ತಾರೆ.

ಈಗ ಫೋಟೋ ವಿಷಯ. ಇಲ್ಲಿ ತಪ್ಪು ಅರಮನೇದೇ, ನಾನೇನು ಅವರ ವಕೀಲ ಅಲ್ಲ. ಮಾರ್ಚ್ 10, ಅಲ್ಲಿನ ಮದರ್ಸ್ ಡೇ ದಿನ, ಕೇಟ್ ಮೂರು ಮಕ್ಕಳ ಜೊತೆ ಇರೋ ಫೋಟೋ ಬಿಟ್ರು. ಜೂಮ್ ಮಾಡಿದ್ರೆ ಮಗಳು ಶಾರ್ಲೆಟ್ ಸ್ವೆಟರ್ ತೋಳಿನ ತುದಿ ಕಿತ್ತು ಅಂಟಿಸಿದ ಹಂಗೆ. ಎಪಿ, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ ಅನ್ನೋ ಸುದ್ದಿ-ಫೋಟೋ ಏಜೆನ್ಸಿಗಳೆಲ್ಲ ಫೋಟೋ ವಾಪಸ್ ತಗೊಂಡ್ರು, ಮಾರನೇ ದಿನ ಕೇಟ್ ಎಡಿಟ್ ಮಾಡಿದ್ದು ನಾನೇ, ಸಾರಿ ಅಂದ್ರು. ಇಂಥ ಟೈಮಲ್ಲಿ ಒಂದು ಚೀಟಿ ತಗೊಂಡು ಎರಡು ಸಾಲು ಬರೀರಿ. ಒಂದು, ಸಾಬೀತಾದದ್ದು: ಫೋಟೋ ಎಡಿಟ್ ಆಗಿದೆ. ಎರಡು, ಅದರ ಮೇಲೆ ಕಟ್ಟಿದ್ದು: ಹಾಗಾದ್ರೆ ಆಯಮ್ಮ ಬದುಕೇ ಇಲ್ಲ. ಸ್ವೆಟರ್ ತೋಳಿಂದ ಶವದವರೆಗೆ ಎಷ್ಟು ದೂರ ಹಾರಿದೀವಿ ಅಂತ ಬರೆದು ನೋಡಿದಾಗ್ಲೇ ನಗು ಬರೋದು.

ಅದರ ಜೊತೆಗೇ ಒಂದು ಪ್ರಶ್ನೆ ಕೇಳಿ, ಮಾವನ್ನ ಬಾಯ್ಮುಚ್ಚಿಸೋಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ: ಏನು ತೋರಿಸಿದ್ರೆ ನೀವು ನಂಬ್ತೀರ? ವಿಂಡ್ಸರ್ ಹತ್ರದ ಫಾರ್ಮ್ ಶಾಪಲ್ಲಿ ಗಂಡನ ಜೊತೆ ನಡ್ಕೊಂಡು ಹೋಗೋ ವಿಡಿಯೋ ಬಂತು, ಡೂಪ್ ಅಂದ್ರು. ಮಾರ್ಚ್ 22ರ ವಿಡಿಯೋದಲ್ಲಿ ಹಿಂದೆ ಹಳದಿ ಡ್ಯಾಫೊಡಿಲ್ ಹೂವು, ಬೆಂಚ್ ಮೇಲೆ ಕೂತು ಆಯಮ್ಮನೇ ಮಾತಾಡಿದ್ರು, ಅದನ್ನ ಶೂಟ್ ಮಾಡಿದ್ದು ಬಿಬಿಸಿ ಸ್ಟುಡಿಯೋಸ್‌ನವರು, ಅದೂ ಎಐ ಅಂದ್ರು. ಉತ್ತರ ಇಲ್ಲದೋರ ಜೊತೆ ವಾದ ಮಾಡ್ಬೇಡಿ, ಟೈಮ್ ವೇಸ್ಟ್.

ಯಾರು ಹಬ್ಬಿಸ್ತಿದಾರೆ ಅಂತನೂ ಸ್ವಲ್ಪ ನೋಡಿ. ಫಾರ್ವರ್ಡಿನ ಒಂದು ಸಾಲನ್ನ ಕಾಪಿ ಮಾಡಿ ಸರ್ಚ್‌ಗೆ ಹಾಕಿ, ಅಲ್ಪವಿರಾಮ ಸಮೇತ ಅದೇ ವಾಕ್ಯ ಹತ್ತಾರು ಅಕೌಂಟಲ್ಲಿ ಸಿಕ್ರೆ ಅಲ್ಲಿಗೆ ಬಿಡಿ. ಈ ಕೇಸಲ್ಲಿ ಕಾರ್ಡಿಫ್ ಯೂನಿವರ್ಸಿಟಿ ಸಂಶೋಧಕರು ರಷ್ಯಾ ಮೂಲದ ಪ್ರಚಾರ ಜಾಲಕ್ಕೆ ಸೇರಿದ 45 ಅಕೌಂಟ್ ಗುರುತಿಸಿದ್ರು. ಬೆಂಕಿ ಹಚ್ಚಿದ್ದು ಅವರಲ್ಲ, ಮೊದಲೇ ಉರೀತಿದ್ದದ್ದಕ್ಕೆ ಗಾಳಿ ಹಾಕಿದ್ದು ಅವರು.

ಯಾವ ಕ್ಯಾನ್ಸರ್ ಅಂತ ಊಹೆ ಮಾಡೋದಂತೂ ಬೇಡ್ವೇ ಬೇಡ. ಕೇಟ್ ಹೇಳಿಲ್ಲ, ಚಾರ್ಲ್ಸ್ ರಾಜನೂ ಹೇಳಿಲ್ಲ. 2024ರ ಫೆಬ್ರವರಿ 5ಕ್ಕೆ ಅರಮನೆಯವರು ರಾಜನಿಗೆ ಕ್ಯಾನ್ಸರ್ ಇದೆ ಅಂತ ಪ್ರಕಟಿಸಿದಾಗ ಪ್ರಾಸ್ಟೇಟ್ ಕ್ಯಾನ್ಸರ್ ಅಲ್ಲ ಅಂತಷ್ಟೇ ತಿಳಿಸಿದ್ರು. ಕೂದಲು ನೋಡಿ ಡಯಾಗ್ನೋಸ್ ಮಾಡೋರಿಗೆ ನಮ್ಮ ಚಿಕ್ಕಮ್ಮನ ಕಥೆ ಹೇಳ್ಬೇಕು. ಅವ್ರಿಗೆ ಕೀಮೋ ನಡೀತಿದ್ದಾಗ ಒಂದು ಮದುವೆಗೆ ಹೋಗಿದ್ವಿ, ಜಡೆಗೆ ಮಲ್ಲಿಗೆ ಮುಡಿದಿದ್ರು, ಪಂಕ್ತೀಲಿ ಪಕ್ಕ ಕೂತಿದ್ದ ಹೆಂಗಸು ಎಲೆ ಮೇಲೆ ಕೋಸಂಬರಿ ಬೀಳೋದ್ರೊಳಗೆ 'ಕೂದಲು ಉದುರಿಲ್ವಲ್ಲ, ಕ್ಯಾನ್ಸರ್ ಇರಲಿಕ್ಕಿಲ್ಲ ಬಿಡ್ರಿ' ಅಂದ್ರು. ಎಲ್ಲಾ ಕೀಮೋ ಔಷಧಿಗೂ ಕೂದಲು ಉದುರಲ್ಲ, ಕೆಲವಕ್ಕೆ ಬರೀ ತೆಳ್ಳಗಾಗುತ್ತೆ. ಚಿಕ್ಕಮ್ಮ ಏನೂ ಹೇಳ್ಲಿಲ್ಲ, ಎಲೆ ಅಂಚಿಗೆ ನೀರು ಚಿಮುಕಿಸ್ತಾ ಕೂತ್ರು. ಕೇಟ್ ಕೂದಲ ಬಗ್ಗೆ ಪೋಸ್ಟ್ ನೋಡಿದಾಗೆಲ್ಲ ನನಗೆ ಆ ಎಲೆನೇ ಕಣ್ಮುಂದೆ ಬರುತ್ತೆ.

ಗುಣ ಆಯ್ತು ಅನ್ನೋ ಸುದ್ದಿಗೂ ಇದೇ ಎಚ್ಚರ ಬೇಕು. 2024ರ ಸೆಪ್ಟೆಂಬರ್ 9ಕ್ಕೆ ಕೇಟ್ ಹೇಳಿದ್ದು ಕೀಮೋ ಮುಗೀತು ಅಂತ. 2025ರ ಜನವರಿ 14ಕ್ಕೆ ರಾಯಲ್ ಮಾರ್ಸ್ಡನ್ ಆಸ್ಪತ್ರೆಗೆ ಹೋಗಿ ಬಂದು ಹೇಳಿದ್ದು ರೆಮಿಷನ್ ಅಂತ. ಈಗ ಟೆಸ್ಟಲ್ಲಿ ರೋಗದ ಗುರುತು ಕಾಣ್ತಿಲ್ಲ ಅಥವಾ ತುಂಬಾ ಕಮ್ಮಿಯಾಗಿದೆ, ಚೆಕಪ್ ಮುಂದುವರಿಯುತ್ತೆ ಅಂತ ಅದರರ್ಥ, 'ಕ್ಯಾನ್ಸರ್ ಗೆದ್ದಳು' ಅಂತ ಹೆಡ್ಡಿಂಗ್ ಹಾಕೋದು ನಮ್ಮ ಉತ್ಸಾಹ. ಮುಂದೆ ಜೂನಲ್ಲಿ ಆಸ್ಕಾಟ್ ಕುದುರೆ ರೇಸಿಗೆ ಬರಲಿಲ್ಲ ಅಂತ ಮತ್ತೆ ಗುಸುಗುಸು, ಜುಲೈಲಿ ಕೋಲ್ಚೆಸ್ಟರ್ ಆಸ್ಪತ್ರೇಲಿ ಅವ್ರೇ ಹೇಳಿದ್ರು, ಟ್ರೀಟ್ಮೆಂಟ್ ಟೈಮಲ್ಲಿ ಧೈರ್ಯದ ಮುಖ ಹಾಕ್ಕೊಂಡಿರ್ತೀವಿ, ಮುಗಿದ ಮೇಲಿನ ದಿನಗಳೇ ಕಷ್ಟ ಅಂತ.

ನಮ್ಮೂರಿಗೂ ಇದರಲ್ಲಿ ಒಂದು ಪಾಲಿದೆ. 2024ರ ಅಕ್ಟೋಬರ್ ಕೊನೇಲಿ ಚಾರ್ಲ್ಸ್ ವೈಟ್‌ಫೀಲ್ಡ್ ಕಡೆಯ ಹೋಲಿಸ್ಟಿಕ್ ಹೆಲ್ತ್ ಸೆಂಟರ್‌ಗೆ ಸದ್ದಿಲ್ಲದೆ ಬಂದು ಹೋದ್ರು. ಬೆಂಗಳೂರಿನ ಕಷಾಯಕ್ಕೆ ರಾಜನ ಕ್ಯಾನ್ಸರ್ ಮಾಯ ಅಂತ ಖುಷಿ ಪಡೋಕೆ ನನಗೂ ಆಸೆನೇ. ಆದ್ರೆ ಅರಮನೆ ಹೇಳಿದ್ದು ಸಮೋವಾದಿಂದ ವಾಪಸ್ ಹೋಗೋವಾಗಿನ ಸಣ್ಣ ಖಾಸಗಿ ತಂಗುವಿಕೆ ಅಂತ, ಮೇಲಾಗಿ ಅವ್ರು 2019ರಲ್ಲೂ ಅಲ್ಲಿಗೆ ಬಂದಿದ್ರು, ಕ್ಯಾನ್ಸರ್ ಸುದ್ದಿಗಿಂತ ಎಷ್ಟೋ ಮುಂಚೆ.

ಕೊನೆಗೆ ಗ್ರೂಪಲ್ಲಿ ಏನು ಬರೀಬೇಕು ಅನ್ನೋದು. ದೊಡ್ಡ ಫ್ಯಾಕ್ಟ್‌ಚೆಕ್ ಹಾಕಿದ್ರೆ ಯಾರೂ ಓದಲ್ಲ, ನಾನು ಹಾಕಿ ನೋಡಿದೀನಿ. ಮಾರ್ಚ್ 22ರ ವಿಡಿಯೋ ಬಂದ ಮೇಲೂ ಮಾವ 'ಇಷ್ಟು ದಿನ ಯಾಕೆ ಮುಚ್ಚಿಟ್ರು' ಅಂತ ಶುರು ಹಚ್ಕೊಂಡ್ರು, ಗ್ರೂಪಲ್ಲಿ ಎಂದೂ ಮಾತಾಡದ ಚಿಕ್ಕಮ್ಮ ಒಂದೇ ಸಾಲು ಟೈಪ್ ಮಾಡಿದ್ರು: 'ಕೊನೇ ಮಗೂಗೆ ಐದು ವರ್ಷ ಕಣಪ್ಪ, ಮೊದಲು ಅದಕ್ಕೆ ಹೇಳ್ಬೇಕಲ್ಲ.' ಬ್ಲೂ ಟಿಕ್ ಬಂತು, ಮಾವ ಟೈಪಿಂಗ್ ಅಂತ ತೋರಿಸ್ತು, ನಿಂತೋಯ್ತು. ಮಾರನೇ ಬೆಳಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂತು.