ತೆನೆ ಹಬ್ಬಕ್ಕೆ ಮಂಗನ ಗೊಂಬೆ: ನನ್ನ ಅನುಭವ

ಮಾತಿಲ್ಲದ ಗೊಂಬೆಯಾಟವನ್ನು ಮಕ್ಕಳು ಐದು ನಿಮಿಷ ಕೂಡ ನೋಡಲ್ಲ ಅಂತ ನಮ್ಮ ಕಸುಬಿನವರೇ ಹೇಳಿದ್ದರು. ಹೋದ ಸೆಪ್ಟೆಂಬರ್ 8ರಂದು ತೀರ್ಥಹಳ್ಳಿ ಕಡೆಯ ಒಂದು ಚರ್ಚಿನಲ್ಲಿ ಮುನ್ನೂರರ ಹತ್ತಿರ ಜನ ಹದಿನೆಂಟು ಇಪ್ಪತ್ತು ನಿಮಿಷ ಕೂತು ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ. ಕೈಗವಸಿನ ಗೊಂಬೆ ಹೊಲಿಯುವುದು, ಬೆರಳು ಆಡಿಸುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೂಲ ಆಟ ಶಾಲೆಗಳಿಗೆ ಕಟ್ಟಿದ್ದು. ಒಬ್ಬಳು ಅಜ್ಜಿ, ಒಂದು ಗದ್ದೆ, ಗುಬ್ಬಿ, ಅಳಿಲು, ಮಂಗ. ಅಜ್ಜಿ ನಾಟಿ ಮಾಡುತ್ತಾಳೆ, ಮಂಗ ತೆನೆ ಕದಿಯುತ್ತದೆ, ಕೊನೆಗೆ ಎಲ್ಲರೂ ಸೇರಿ ಬಡಿದು ಓಡಿಸುತ್ತಾರೆ. ನಲವತ್ತು ನಿಮಿಷ, ಪೂರ್ತಿ ಮಾತು. ಇದನ್ನು ಒಂದು ಶಾಲೆಯಲ್ಲಿ ನೋಡಿದ ಫಾದರ್, "ನಮ್ಮ ಮೊಂತಿ ಫೆಸ್ಟಿಗೆ ಮಾಡ್ತೀರಾ?" ಅಂದರು. ಮೊಂತಿ ಫೆಸ್ಟ್ ಅಂದರೆ ಏಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಎಂಟನೇ ತಾರೀಖು ತೆನೆಗೆ ಆಶೀರ್ವಾದ ಆಗಿ ಮನೆಮನೆಗೆ ಹಂಚಿಕೆ ಆಗುತ್ತದೆ. ಮಧ್ಯಾಹ್ನ ಮೀನು ಮಾಂಸ ಇಲ್ಲದ ಊಟ. ನಮ್ಮ ಆಟದಲ್ಲಿ ಗದ್ದೆ, ತೆನೆ ಎರಡೂ ಇದ್ದವು. ಅರ್ಧ ಕೆಲಸ ಮುಗಿದಿತ್ತು ಅನ್ನಿ.

ಆದರೆ ಸಲಹೆ ಕೊಡುವವರಿಗೆ ಬರವೇ? ಒಬ್ಬ ಹಿರಿಯರು ಹಬ್ಬದ ಚರಿತ್ರೆಯನ್ನೇ ಆಡಿಸಿ ಅಂದರು. 1763ರಲ್ಲಿ ಮಂಗಳೂರು ಕಡೆಯ ಫರಂಗಿಪೇಟೆಯ ಮೋಂತೆ ಮರಿಯಾನೊ ಚರ್ಚಿನಲ್ಲಿ ಜೊವಾಕಿಂ ಮಿರಾಂದಾ ಎಂಬ ಗುರುಗಳು ಹಬ್ಬ ಶುರು ಮಾಡಿದರು ಎಂಬ ಕಥೆ ಅದು. ಕಥೆ ದೊಡ್ಡದು, ನನ್ನ ಹತ್ತಿರ ಇದ್ದದ್ದು ಮೂರು ಜನರ ಆರು ಕೈ. ಮುಟ್ಟಲಿಲ್ಲ. ಇನ್ನೊಬ್ಬರು ಉಪ್ಪಿನಕುದ್ರುವಿನವರ ಹಾಗೆ ಸೂತ್ರದ ಗೊಂಬೆ ಮಾಡಿ ಅಂದರು. ಕುಂದಾಪುರದ ಆ ಕಾಮತ್ ಮನೆತನದವರು ತಲೆಮಾರುಗಳಿಂದ ಯಕ್ಷಗಾನದ ಗೊಂಬೆ ಕುಣಿಸಿದವರು. ನನ್ನ ಜೊತೆ ಇದ್ದವರು ಚರ್ಚಿನ ಯುವಕರ ಗುಂಪಿನ ಇಬ್ಬರು ಪಿಯುಸಿ ಹುಡುಗರು. ದಾರ ಕೊಟ್ಟರೆ ಹಬ್ಬದ ಹೊತ್ತಿಗೆ ಗಂಟು ಬಿಡಿಸುವುದೇ ಆಗುತ್ತಿತ್ತು.

ನಿಜವಾದ ತೊಂದರೆ ಮಳೆ. ಆಗುಂಬೆ ಇರುವ ತಾಲೂಕು ನಮ್ಮದು, ಸೆಪ್ಟೆಂಬರ್ ಅಂದರೂ ಮಳೆ ಬಿಡುವುದಿಲ್ಲ. ಚರ್ಚಿನ ಹಾಲ್‌ಗೆ ತಗಡಿನ ಮಾಡು. ಮೊದಲ ರಿಹರ್ಸಲ್ಲಿನಲ್ಲಿ ಮಳೆ ಹೊಡೆಯಿತು ನೋಡಿ, ಪರದೆ ಹಿಂದೆ ನಾವು ಕಿರುಚಿದ್ದು ನಮಗೇ ಕೇಳಲಿಲ್ಲ. ಎರಡನೇ ಸಾಲಿನಲ್ಲಿ ಕೂತಿದ್ದ ಸಿಸ್ಟರ್, "ಅಜ್ಜಿ ಏನೋ ಬೈತಾ ಇದ್ಲು, ಅಲ್ವಾ?" ಅಂದರು. ಅಜ್ಜಿ ಹಾಡುತ್ತಿದ್ದಳು.

ಹಾಗಾದರೆ ರೆಕಾರ್ಡ್ ಮಾಡಿ ದೊಡ್ಡ ಸ್ಪೀಕರಿಗೆ ಹಾಕಿ ಅಂತ ಎಲ್ಲರೂ ಹೇಳಿದರು. ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ಮಾಡಿಸಿದೆ. ಓಡಾಟ ಸೇರಿ ನಾಲ್ಕೂವರೆ ಸಾವಿರ ಹೋಯಿತು. ಧ್ವನಿ ಚೆನ್ನಾಗಿಯೇ ಬಂದಿತ್ತು. ಆದರೆ ರೆಕಾರ್ಡ್ ಯಾರಿಗೂ ಕಾಯುವುದಿಲ್ಲ. ಮಕ್ಕಳು ನಕ್ಕರೆ ಗೊಂಬೆ ನಿಲ್ಲಬೇಕು, ಅದು ನಿಲ್ಲದು. ಮಂಗ ಇನ್ನೂ ಕೆಳಗಿರುವಾಗಲೇ ಮಂಗನ ಮಾತು ಮುಗಿದಿರುತ್ತಿತ್ತು. ಸಾಲದ್ದಕ್ಕೆ ನಡುವೆ ಕರೆಂಟ್ ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬಿ ಆಟ ಕಟ್ಟುವುದು ಸಾಲ ಮಾಡಿ ಇಸ್ಪೀಟು ಆಡಿದ ಹಾಗೆ. ಆ ನಾಲ್ಕೂವರೆ ಸಾವಿರ ಈಗ ಒಂದು ಪೆನ್‌ಡ್ರೈವಿನಲ್ಲಿ ಕೂತಿದೆ.

ಆಗಲೇ ಮಾತನ್ನೆಲ್ಲ ಕಿತ್ತು ಹಾಕಿದ್ದು. ಮಾತಿನ ಜಾಗಕ್ಕೆ ಗುಮಟೆ ಬಂತು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಳೆಯ ಗುಮಟೆ ಇನ್ನೂ ಸಿಗುತ್ತದೆ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಖಾಲಿ. ಮೊದಲು ಉಡದ ಚರ್ಮ ಹಾಕುತ್ತಿದ್ದರು. ಉಡ ಹಿಡಿಯುವುದು ಕಾನೂನಿಗೆ ವಿರುದ್ಧ, ಹಾಗಾಗಿ ಈಗ ಆಡಿನ ಚರ್ಮ. ಆ ವಾರ್ಡಿನ ಗುರ್ಕಾರರಿಗೇ, ಅಂದರೆ ಚರ್ಚಿನ ವಾರ್ಡಿನ ಮುಖಂಡರಿಗೇ, ಬಾರಿಸಲು ಬರುತ್ತಿತ್ತು. ಅಂಗೈಯಿಂದ ಖಾಲಿ ಬಾಯಿ ಮುಚ್ಚಿ ತೆರೆದರೆ ಅದು ಗೊಣಗುತ್ತದೆ, ಕೇಳುತ್ತದೆ, ಬೈಯುತ್ತದೆ. ತಗಡಿನ ಮೇಲೆ ಮಳೆ ಬಿದ್ದರೂ ಆ ದಪ್ಪ ಸದ್ದು ಕೆಳಗಿನಿಂದ ಬಂದು ಕಿವಿಗೆ ತಾಗುತ್ತದೆ. ಥಂಡಿಗೆ ಚರ್ಮ ಸಡಿಲ ಆಗುವುದೊಂದೇ ರಗಳೆ. ತೆಂಗಿನ ಗರಟೆಯ ಕೆಂಡ ಪಕ್ಕದಲ್ಲೇ ಇಟ್ಟುಕೊಂಡು ಆಗಾಗ ಕಾಯಿಸಿದೆವು.

ಇಡೀ ಆಟದಲ್ಲಿ ಉಳಿದದ್ದು ಅಜ್ಜಿಯ ಒಂದೇ ಮಾತು, "ಯೇ ಪುತಾ". ಕೊಂಕಣಿಯಲ್ಲಿ "ಬಾ ಮಗನೇ" ಅಂತ. ಅಜ್ಜಿಯನ್ನು ವ್ಹಡ್ಲಿಮಾಂಯ್, ಅಂದರೆ ಕೊಂಕಣಿ ಅಜ್ಜಿ, ಮಾಡಿದ್ದೆವು. ಗುಬ್ಬಿ ಬಂದರೂ ಅದೇ ಮಾತು, ಅಳಿಲು ಬಂದರೂ ಅದೇ. ಎರಡನೇ ಸಲಕ್ಕೆ ಮಕ್ಕಳೇ ಹೇಳಲು ಶುರು ಮಾಡಿದರು. ಮಾತು ಕಮ್ಮಿಯಾದರೆ ಕೈಗೆ ಕೆಲಸ ಜಾಸ್ತಿ. ಹುಡುಗರಿಗೆ ಗೊಂಬೆ ಉಸಿರಾಡುವುದನ್ನೇ ಒಂದು ವಾರ ಕಲಿಸಿದೆ. ಬೈದುಕೊಂಡೇ ಕಲಿತರು.

ತಲೆಗಳ ವಿಷಯ. ಪೇಪರ್ ಅಂಟಿಸಿ ಮಾಡಿದ ತಲೆಗಳು ಆಗಸ್ಟಿನಲ್ಲಿ ಒಣಗಲೇ ಇಲ್ಲ. ನಾಲ್ಕು ದಿನಕ್ಕೆ ಬೂಷ್ಟು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದಿದ್ದ ಮೈಲುತುತ್ತು ಮನೆಯಲ್ಲಿತ್ತು. ಅದನ್ನೇ ಒಂದು ಚಿಟಿಕೆ ಮೈದಾದ ಅಂಟಿಗೆ ಬೆರೆಸಿದೆ, ಬೂಷ್ಟು ನಿಂತಿತು. ಅದು ವಿಷ, ಹಾಗಾಗಿ ನಡುವಿನ ಪದರಕ್ಕೆ ಮಾತ್ರ. ಮಕ್ಕಳ ಕೈಗೆ ಕೊಡುವ ಗೊಂಬೆಗೆ ಬೇಡವೇ ಬೇಡ. ಹೀಗೆ ಒದ್ದಾಡುವಾಗ ಸುಮ್ನೆ ಒಂದು ಅಡಿಕೆ ಹಾಳೆ ನೆನೆಸಿ, ಗರಟೆಯ ಮೇಲೆ ಎಳೆದು ಕಟ್ಟಿ, ಬಚ್ಚಲ ಒಲೆಯ ಮೇಲೆ ತೂಗಿ ಹಾಕಿದೆ. ಎಷ್ಟು ಚಂದದ ಮುಖ ಬಂತು ಅಂತೀರಿ! ಹಾಳೆಯ ಗೆರೆಗಳೇ ಅಜ್ಜಿಯ ಸುಕ್ಕು. ಬಣ್ಣವೇ ಬೇಕಾಗಲಿಲ್ಲ. ಖರ್ಚು ಸೊನ್ನೆ. ಅಳಿಲಿನಂಥ ಸಣ್ಣ ತಲೆಗೆ ಮಾತ್ರ ಹಾಳೆ ಸೀಳುತ್ತದೆ, ಅದಕ್ಕೆ ಪೇಪರೇ ಗತಿ. ಹಾಳೆಯಲ್ಲಿ ಬಾಯಿ ಆಡಿಸುವ ಮಂಗನನ್ನೂ ಮಾಡಲು ಹೊರಟು ಎರಡು ವಾರ ಕಳೆದೆ. ಆಗಲಿಲ್ಲ, ಆದರೆ ಬಿಟ್ಟಿಲ್ಲ.

ಇನ್ನು ತೆನೆ. ಸೆಪ್ಟೆಂಬರ್ ಮೊದಲ ವಾರ ನಮ್ಮ ಗದ್ದೆಯಲ್ಲಿ ತೆನೆ ಎಲ್ಲಿರುತ್ತದೆ? ಪೈರು ಹೊಡೆಯಾಗುವುದೇ, ಅಂದರೆ ಒಳಗೆ ತೆನೆ ಕಟ್ಟುವುದೇ, ಅಕ್ಟೋಬರ್ ಸುಮಾರಿನ ಭೂಮಿ ಹುಣ್ಣಿಮೆಯ ಹೊತ್ತಿಗೆ. ಚರ್ಚಿನವರು ಘಟ್ಟದ ಕೆಳಗಿನಿಂದ ತರಿಸಿದರು. ನಾನು ಹೋದ ವರ್ಷದ ಕದಿರನ್ನು ಅಟ್ಟದಲ್ಲಿ ಇಟ್ಟಿದ್ದೆ, ಇಲಿ ಕಾಳು ಬಿಡಲಿಲ್ಲ. ಕೊನೆಗೆ ಹಿಡಿಕಡ್ಡಿಗೆ ಭತ್ತ ಅಂಟಿಸಿದೆವು. ಮಕ್ಕಳು ಹೂ ಅರ್ಪಿಸುವ ಹಾಗೆ ಗುಬ್ಬಿ ಒಂದೊಂದೇ ಹೂ ತಂದು ಗದ್ದೆಗೆ ಹಾಕುತ್ತದೆ. ಹಾಕಿದಲ್ಲೆಲ್ಲ ತೆನೆ ನಿಧಾನವಾಗಿ ಮೇಲೇಳುತ್ತದೆ. ಹೇಗೆ ಅಂತ ಫೋನ್ ಮಾಡಿ ಕೇಳಿದವರು ಬಹಳ. ಹಳೆಯ ಸೈಕಲ್ ಟ್ಯೂಬ್ ಬೇಕು ಅಂತ ಮಾತ್ರ ಹೇಳುತ್ತೇನೆ.

ದೊಡ್ಡ ಜಗಳ ಆದದ್ದು ಮಂಗನ ಬಗ್ಗೆ. ಹಬ್ಬದ ದಿನ ಯಾರನ್ನೂ ಬಡಿದು ಓಡಿಸುವುದು ಬೇಡ, ಮಂಗನಿಗೂ ಊಟ ಹಾಕಿಸಿ ಅಂದರು ಸಿಸ್ಟರ್. ಗುರ್ಕಾರರು ಗುಮಟೆ ಕೆಳಗಿಟ್ಟುಬಿಟ್ಟರು. "ಸಿಸ್ಟರ್, ನಮ್ಮ ಬಾಳೆ, ಏಲಕ್ಕಿ ಎಲ್ಲ ಮಂಗನ ಪಾಲು. ಅದಕ್ಕೆ ಇಲ್ಲೂ ಊಟ ಹಾಕಿದ್ರೆ ಜನ ಎದ್ದು ಹೋಗ್ತಾರೆ." ಇಬ್ಬರ ಮಾತೂ ಸರಿಯೇ. ಮಂಗನನ್ನು ದುಡಿಸಿದೆ. ಹಳ್ಳ ಉಕ್ಕಿದೆ, ಅಜ್ಜಿಗೆ ಸಂಕ (ಕಾಲುಸೇತುವೆ) ದಾಟಲು ಆಗದು, ತೆನೆಯ ಹೊರೆಯನ್ನು ಮಂಗ ಹೊತ್ತು ದಾಟಿಸುತ್ತದೆ. ಜಗಲಿಯಲ್ಲಿ ಅದಕ್ಕೆ "ಯೇ ಪುತಾ", ಒಂದು ತೆನೆ. ಅಜ್ಜಿ ಆಚೆ ತಿರುಗಿದ ಕೂಡಲೇ ಇನ್ನೊಂದು ತೆನೆ ಬಗಲಿಗೆ! ಆಟದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವರು ರೈತರು. ಗುರ್ಕಾರರು ನಗುತ್ತಾ ಒಂದು ಪೆಟ್ಟು ತಪ್ಪಿಸಿದ್ದೂ ಉಂಟು.

ಇನ್ನೊಂದು ವಿಷಯಕ್ಕೆ ನಾನು ಹಟ ಹಿಡಿದಿದ್ದೆ. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಬ್ಬು ಹಂಚುತ್ತಾರೆ. ಕಬ್ಬು ಕೈಗೆ ಬಂದ ಮಗು ಸ್ವರ್ಗ ಇಳಿದು ಬಂದರೂ ನೋಡುವುದಿಲ್ಲ. ಮೊದಲು ಆಟ, ಆಮೇಲೆ ಕಬ್ಬು ಅಂದೆ. ಸಮಿತಿಯವರು ಗೊಣಗಿ ಒಪ್ಪಿದರು. ಜನ ಕೂತದ್ದು ಕಬ್ಬಿನ ಆಸೆಗೆ ಅಂತ ನಮ್ಮ ಕಸುಬಿನ ಕೆಲವರು ಈಗಲೂ ಆಡಿಕೊಳ್ಳುತ್ತಾರೆ. ಹಾಗಾದರೆ ಕಬ್ಬಿನ ಕಟ್ಟು ಬಿಚ್ಚಿದ ಮೇಲೂ ಇಪ್ಪತ್ತು ಮೂವತ್ತು ಮಕ್ಕಳು ಪರದೆ ಹಿಂದೆ ಮಂಗನನ್ನು ಹುಡುಕಿಕೊಂಡು ಬಂದದ್ದು ಯಾಕೆ?

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಶಿವಮೊಗ್ಗದ ಗಾಂಧಿ ಬಜಾರಿನ ಕಪ್ಪು ಬಟ್ಟೆ ಸಾವಿರದ ಮುನ್ನೂರರ ಹತ್ತಿರ. ಪರದೆಯ ಚೌಕಟ್ಟು ಎರಡು ಸಾವಿರ. ಬಲ್ಬು, ವೈರು, ಇನ್ವರ್ಟರ್ ಬಾಡಿಗೆ ಸೇರಿ ಸಾವಿರ. ಸ್ಟುಡಿಯೋದ ದಂಡ ಬೇರೆ. ಅದೂ ಸೇರಿ ಹತ್ತಿರ ಹತ್ತಿರ ಒಂಬತ್ತು ಸಾವಿರ ಕೈಬಿಟ್ಟಿತು. ಚರ್ಚಿನವರ ಕವರಿನಲ್ಲಿ ಬಂದದ್ದು ಐದು ಸಾವಿರ, ಜೊತೆಗೆ ಒಂದು ಕಟ್ಟು ಕಬ್ಬು. ಆ ವರ್ಷ ನಷ್ಟವೇ. ಆದರೆ ಅದೇ ಆಟವನ್ನು ಭೂಮಿ ಹುಣ್ಣಿಮೆಗೆ ಸಾಗರದ ಕಡೆ ಒಂದು ಊರಿನಲ್ಲಿ ಆಡಿದೆವು, ಅಜ್ಜಿಯ ಸೀರೆ ಮಾತ್ರ ಬದಲಿಸಿ. ಅಲ್ಲಿ ಗುಮಟೆಯ ಬದಲು ಡೊಳ್ಳು ಹಾಕಿ ನೋಡಿದೆ. ಗೊಂಬೆಗೆ ಅದು ಭಾರ, ಮಂಗ ಹೆದರಿದ ಹಾಗೆ ಕಂಡಿತು. ಈ ಸಲ ಎರಡು ಚರ್ಚಿನವರು ಕೇಳಿದ್ದಾರೆ, ಇಬ್ಬರದೂ ಅದೇ ಎಂಟನೇ ತಾರೀಖು. ಒಬ್ಬರು ಒಂಬತ್ತು ದಿನದ ಹೂವಿನ ಪೂಜೆಯ ನಡುವೆ ಒಂದು ಸಂಜೆಗೆ ಒಪ್ಪಿದ್ದಾರೆ. ರೇಟು ಎಂಟು ಸಾವಿರ, ಅರ್ಧ ಮುಂಗಡ. ಗುರ್ಕಾರರ ಬಸ್ ಚಾರ್ಜು ಕರೆಸುವ ಚರ್ಚಿನವರೇ ಕೊಡಬೇಕು.