ಟಾರ್ಚ್ ಹಿಡಿದು ಲೆನ್ಸಿನ ಚರಿತ್ರೆ ಓದಿದ್ದು

ಹಳೆಯ ಕ್ಯಾಮೆರಾ ಲೆನ್ಸಿನ ವಿನ್ಯಾಸ ತಿಳಿಯಲು ನಾನು ಅದನ್ನು ಬಿಚ್ಚುವುದಿಲ್ಲ. ಕೋಣೆಯನ್ನು ಕತ್ತಲೆ ಮಾಡಿ, ಸಣ್ಣ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು, ಲೆನ್ಸನ್ನು ಮೆಲ್ಲಗೆ ಓರೆ ಮಾಡುತ್ತೇನೆ. ಗಾಜು ಗಾಳಿಗೆ ತಾಗುವ ಪ್ರತಿ ಮೈಯಿಂದಲೂ ಒಂದೊಂದು ಬೆಳಕಿನ ಚುಕ್ಕೆ ಮರಳಿ ಬರುತ್ತದೆ. ಗಾಜಿನ ಮೇಲೆ ಪ್ರತಿಫಲನ ತಗ್ಗಿಸುವ ಲೇಪನವಿದ್ದರೆ ಅದಕ್ಕೆ ನೇರಳೆಯೋ ಹಳದಿಯೋ ಛಾಯೆ. ಲೆನ್ಸಿನೊಳಗಿನ ಗಾಜಿನ ಬಿಲ್ಲೆಗಳಾದ ಮಸೂರಗಳಲ್ಲಿ ಎರಡನ್ನು ಅಂಟಿಸಿದ ಕಡೆಯ ಚುಕ್ಕೆ ಬಣ್ಣವಿಲ್ಲದೆ ಮಸುಕಾಗಿರುತ್ತದೆ. ಅದು ಕಣ್ಣಿಗೆ ಸಿಗಬೇಕಾದರೆ ತಾಳ್ಮೆ ಬೇಕು.

ಮೊದಲು ಹೀಲಿಯೋಸ್ 44-2 ನೋಡಿದೆ. ಅಪರ್ಚರನ್ನು, ಅಂದರೆ ಲೆನ್ಸಿನ ನಡುವೆ ಬೆಳಕು ಹಾಯುವ ರಂಧ್ರವನ್ನು, ಪೂರ್ತಿ ಕಿರಿದು ಮಾಡಿದಾಗ ಮುಂದಿನಿಂದ ನಾಲ್ಕು ಸ್ಪಷ್ಟ ಚುಕ್ಕೆ, ಒಂದು ಮಸುಕು. ತಿರುಗಿಸಿ ಹಿಂದಿನಿಂದ ನೋಡಿದರೂ ಅದೇ ಲೆಕ್ಕ. ಸೋವಿಯತ್ ಕಾರ್ಖಾನೆಯ ಈ ಲೆನ್ಸಿಗೆ ಮಾದರಿ ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್. ಅದಕ್ಕೂ ಹಿಂದೆ, 1896ರಲ್ಲಿ, ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್. ಅಪರ್ಚರಿನ ಎರಡೂ ಬದಿಯ ಆ ಸಮತೋಲವನ್ನು ಕಣ್ಣಾರೆ ಕಂಡಾಗ ಆದ ಸಂತೋಷ ಯಾವ ನಕ್ಷೆ ನೋಡಿದಾಗಲೂ ಆಗಿರಲಿಲ್ಲ.

ಆದರೆ ಪ್ಲಾನಾರ್‌ಗೆ ಎಂಟು ಮೈಗಳು. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಬೆಳಕು ಕಡಿಮೆಯಾಗುವುದಕ್ಕಿಂತ ದೊಡ್ಡ ತೊಂದರೆ, ಮೈಯಿಂದ ಮೈಗೆ ಪುಟಿದದ್ದು ಫಿಲ್ಮಿನ ಮೇಲೆ ಮಂಜಿನಂತೆ ಹರಡಿ ಕಪ್ಪನ್ನು ಬೂದು ಮಾಡುವುದು. ಹೀಗೆ ಪುಟಿಯಬಲ್ಲ ಜೋಡಿಗಳನ್ನು ಕಾಗದದ ಮೇಲೆ ಎಣಿಸಿದೆ: ಎಂಟು ಮೈಗಳಿಗೆ 28, ಆರು ಮೈಗಳಿಗೆ 15. ರುಡಾಲ್ಫ್ ಅವರದೇ 1902ರ ಟೆಸ್ಸಾರ್‌ಗೆ ಆರೇ ಮೈ. ಅದು ಅಷ್ಟು ಕಾಲ ಮೆರೆದದ್ದು ಏಕೆಂದು ಆಗ ಅರ್ಥವಾಯಿತು.

ಆಮೇಲೆ ಜೂಪಿಟರ್-8 ಎತ್ತಿಕೊಂಡೆ. ಇದು ಲುಡ್ವಿಗ್ ಬರ್ಟೆಲೆ ವಿನ್ಯಾಸದ, 1932ರಲ್ಲಿ ಕಾಂಟಾಕ್ಸ್ ಕ್ಯಾಮೆರಾದೊಂದಿಗೆ ಬಂದ ಸೊನ್ನಾರ್ 50 ಮಿ.ಮೀ. ಎಫ್/2 ಲೆನ್ಸಿನ ಪ್ರತಿ. ಹೀಲಿಯೋಸ್‌ನಂತೆ ಮಸೂರಗಳು ಇಲ್ಲಿಯೂ ಆರು, ಸ್ಪಷ್ಟ ಚುಕ್ಕೆಗಳು ಮಾತ್ರ ಆರೇ, ಮಸುಕಾದವು ಮೂರು. ಗಾಳಿ ಇರಬೇಕಾದ ಜಾಗಕ್ಕೆ ಬರ್ಟೆಲೆ ಕಡಿಮೆ ವಕ್ರೀಭವನಾಂಕದ, ಅಂದರೆ ಬೆಳಕನ್ನು ಕಡಿಮೆ ಬಾಗಿಸುವ, ಗಾಜನ್ನೇ ತುಂಬಿ ಮೂರು ಮಸೂರಗಳನ್ನು ಒಟ್ಟಿಗೆ ಅಂಟಿಸಿಬಿಟ್ಟರು. ಲೆನ್ಸ್ ವಿನ್ಯಾಸದಲ್ಲಿ ನಾನು ಕಂಡ ಅತ್ಯಂತ ಚೆಲುವಾದ ಯೋಚನೆ ಇದು.

1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನ ಕಂಡುಹಿಡಿದರು. ಅದು ಬಳಕೆಗೆ ಬಂದಮೇಲೆ ಮೈಗಳ ಲೆಕ್ಕದ ಭಯ ತಗ್ಗಿ, ಪ್ಲಾನಾರ್ ವಂಶ ಮತ್ತೆ ತಲೆಯೆತ್ತಿತು. ಕ್ಯಾನನ್‌ನ ಅಗ್ಗದ 50 ಮಿ.ಮೀ. ಎಫ್/1.8 ಕೂಡ ಅದೇ ವಂಶದ್ದು. ಅದರಲ್ಲಿ ಆರು ಮಸೂರ, ಅಂಟಿಸಿದ್ದನ್ನು ಒಂದೆಂದು ಎಣಿಸಿದರೆ ಐದು ಗುಂಪು. ನಿಮ್ಮಲ್ಲಿದ್ದರೆ ಟಾರ್ಚ್ ಹಿಡಿದು ಎಣಿಸಿ: ಹತ್ತು ಬಣ್ಣದ ಚುಕ್ಕೆಗಳು, ಒಂದೇ ಒಂದು ಮಸುಕು.